ತಂಗಿಯ ಬಾಯಾರಿಕೆ, ಅತ್ತೆಯ ಪಥ್ಯ

ನಮ್ಮ ಕಡೆ ಯಾರ ಮನೆಯ ಮೆಟ್ಟಿಲು ಹತ್ತಿದರೂ, ಬಂದವರು ಚಪ್ಪಲಿ ಕಳಚುವ ಮೊದಲೇ ಒಳಗಿನಿಂದ ಒಂದು ಪ್ರಶ್ನೆ ಹೊರಗೆ ಬಂದು ನಿಂತಿರುತ್ತದೆ: "ಆಸ್ರಿಗೆ ಎಂತ ಬೇಕು?" ಆಸರಿಗೆ ಎಂದರೆ ಬಾಯಾರಿಕೆಗೆ ಕೊಡುವಂಥದ್ದು, ನೀರು-ಬೆಲ್ಲವೋ, ಮಜ್ಜಿಗೆಯೋ, ಕಷಾಯವೋ, ಈಗೀಗ ಚಹಾವೋ. ಏನೂ ಬೇಡ ಎಂದರೆ ನಾವು ನಂಬುವ ಜಾತಿಯವರಲ್ಲ. ಸಾಗರದ ನನ್ನ ಮನೆಗೆ ಕರೆಂಟಿನ ಮೀಟರು ಓದಲು ಬರುವ ಮನುಷ್ಯ ಮಜ್ಜಿಗೆ ಕುಡಿಯದೆ ಗೇಟು ದಾಟಿದ್ದನ್ನು ನಾನು ಕಂಡಿಲ್ಲ. ಒಂದು ಸಲ ಪಾಪ "ಇವತ್ತು ಉಪವಾಸ ಟೀಚರೇ" ಎಂದವನನ್ನು ಕೂರಿಸಿ, ಉಪವಾಸಕ್ಕೆ ಬಾಳೆಹಣ್ಣು ನಡೆಯುತ್ತದೆ ಎಂದು ಶಾಸ್ತ್ರ ಹೇಳಿ, ಮೂರು ಹಣ್ಣು ತಿನ್ನಿಸಿಯೇ ಕಳಿಸಿದ್ದೆ. ಇದನ್ನೆಲ್ಲ ನಾನು ನನ್ನ ದೊಡ್ಡ ಗುಣವೆಂದು ಎಣಿಸಿದ್ದೆ, ಮಿತ್ರರೇ. ಕೊಡಲು ಮುಂದಾದ ಕೈಯನ್ನು ಮಡಚಿಕೊಂಡು ಕೂರುವುದು ಎಷ್ಟು ಕಷ್ಟದ ಕೆಲಸ ಎಂದು ತಿಳಿದದ್ದು ಅರವತ್ತು ದಾಟಿದ ಮೇಲೆ, ನನ್ನ ತಂಗಿ ವಿಶಾಲಾ ಮೈ ಸುಟ್ಟುಕೊಂಡಾಗ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ಅದರಲ್ಲಿ ಎಂಟು ವರ್ಷ ಹೊಸನಗರ ತಾಲೂಕಿನ ನಿಟ್ಟೂರಿನಲ್ಲಿ. ಬಾಯಿಯಿಂದ ಹಿಡಿದು ಅನ್ನನಾಳ, ಜಠರ, ಸಣ್ಣ ಕರುಳು, ದೊಡ್ಡ ಕರುಳು ಎಂದು ಬಣ್ಣದ ಸೀಮೆಸುಣ್ಣದಲ್ಲಿ ಕರಿಹಲಗೆಯ ತುಂಬ ಜೀರ್ಣಾಂಗ ಬರೆಯುವುದರಲ್ಲಿ ನನ್ನನ್ನು ಮೀರಿಸಿದವರು ಮೂರು ತಾಲೂಕಿನಲ್ಲಿ ಇರಲಿಲ್ಲ ಎಂಬ ಜಂಬ ನನಗಿತ್ತು, ಈಗಲೂ ಸ್ವಲ್ಪ ಇದೆ. ಆದರೆ ಹಲಗೆಯ ಮೇಲಿನ ಜಠರಕ್ಕೂ ಒಡಹುಟ್ಟಿದವಳ ಜಠರಕ್ಕೂ ಬಹಳ ಅಂತರ. ಹಲಗೆಯ ಜಠರ "ಅಕ್ಕಾ" ಎಂದು ಕರೆಯುವುದಿಲ್ಲ.

ವಿಶಾಲಾ ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಅವಳು ಹುಟ್ಟಿದ ಮೇಲೆ ಅಮ್ಮ ಬಹುಕಾಲ ಹಾಸಿಗೆ ಹಿಡಿದಿದ್ದರಿಂದ ಅವಳ ಬಾಯಿಗೆ ಮೊದಲ ತುತ್ತು ಕಲಸಿ ಇಟ್ಟದ್ದು ಈ ಕೈ. ಮದುವೆಯಾಗಿ ತೀರ್ಥಹಳ್ಳಿ ತಾಲೂಕಿನ ಅರಳಸುರಳಿ ಸೇರಿದಳು. ಮನೆಯಲ್ಲಿ ಗಂಡ, ಅತ್ತೆ, ಇವಳು. ಹೋದ ವರ್ಷ ಒಂದು ಪೂಜೆಯ ದಿನ ನಲವತ್ತು ಜನರ ಅನ್ನ ಬಸಿಯಲು ದೊಡ್ಡ ತಪ್ಪಲೆ ಬಗ್ಗಿಸಿದಾಗ ಕೈಯಲ್ಲಿದ್ದ ಬಟ್ಟೆ ಜಾರಿ, ಕುದಿಯುವ ಗಂಜಿ ಎದೆಯಿಂದ ಮೊಣಕಾಲಿನವರೆಗೆ ಸುರಿದುಬಿಟ್ಟಿತು. ನೀರಾದರೆ ಹರಿದು ಹೋದೀತು, ಗಂಜಿ ಅಂಟಿಕೊಂಡು ಸುಡುತ್ತದೆ. ಯಾರೋ ಬೆಣ್ಣೆ ಹಚ್ಚಲು ಓಡಿ ಬಂದರಂತೆ. ಅವಳ ಅತ್ತೆ, ಎಪ್ಪತ್ತಾರರ ಹೆಂಗಸು, ಅವರನ್ನು ಗದರಿಸಿ ಅಡ್ಡಗಟ್ಟಿ ಕೊಡಗಟ್ಟಲೆ ತಣ್ಣೀರು ಹೊಯ್ದರು. ಆ ತಣ್ಣೀರಿನಿಂದ ಗಾಯ ಎಷ್ಟೋ ಆಳಕ್ಕೆ ಇಳಿಯದೆ ಉಳಿಯಿತು ಎಂದು ಡಾಕ್ಟರು ಆಮೇಲೆ ಹೇಳಿದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಆ ಅತ್ತೆಯ ಮೇಲೆ ನಿಮಗೆ ಸಿಟ್ಟು ಬರುವ ಸಂದರ್ಭ ಇದೆ.

ಜಿಲ್ಲೆಯ ದೊಡ್ಡಾಸ್ಪತ್ರೆಯ ವಾರ್ಡಿಗೆ ನಾನು ಹೋಗಿ ಮುಟ್ಟಿದಾಗ ಮರುದಿನ ಬೆಳಗು. ಕೈಯಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಒಂದು ಫ್ಲಾಸ್ಕು ಗಂಜಿತಿಳಿ. ಉಪ್ಪು ಹಾಕಿದ್ದು, ಎರಡು ಹನಿ ತುಪ್ಪ ಬಿಟ್ಟಿದ್ದು. ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಹೋಗುವುದುಂಟೆ? ಯಾವ ಗಂಜಿ ಅವಳನ್ನು ಸುಟ್ಟಿತೋ ಅದರ ತಿಳಿಯನ್ನೇ ಹೊತ್ತು ಹೊರಟಿದ್ದೇನೆ ಎಂಬುದು ಕೂಡ ನನಗೆ ಹೊಳೆದಿರಲಿಲ್ಲ. ವಾರ್ಡಿನ ಬಾಗಿಲಲ್ಲಿ ನೀಲಿ ಬಟ್ಟೆಯ ನರ್ಸು ನನ್ನನ್ನು ನೋಡಿ ಕಣ್ಣರಳಿಸಿದಳು. "ಟೀಚರ್ ಅಲ್ವಾ? ನಾನು ಪ್ರೇಮ, ನಿಟ್ಟೂರು. ಕೊನೇ ಬೆಂಚು!" ಗದ್ದೆ ಬೇಸಾಯದ ಮನೆಯ ಹುಡುಗಿ; ಮಳೆಗಾಲದಲ್ಲಿ ನಾಟಿ ಮುಗಿಸಿಯೇ ಶಾಲೆಗೆ ಬರುತ್ತಿದ್ದವಳು. ಜೀವ ಒಂದಿಷ್ಟು ಬಂದಂತಾಯಿತು. ಆದರೆ ಮರುಕ್ಷಣವೇ ಅವಳ ಕಣ್ಣು ಚೀಲದ ಮೇಲೆ ಬಿತ್ತು.

"ಬಾಯಿಗೆ ಎಂತದೂ ಕೊಡ್ಬೇಡಿ ಟೀಚರೇ. ಒಂದು ಹನಿ ನೀರೂ ಬೇಡ. ಬೇಕಾದ್ದು ಡ್ರಿಪ್ಪಲ್ಲಿ ಹೋಗ್ತಾ ಇದೆ. ಕೇಳ್ತಾರೆ, ತುಂಬ ಕೇಳ್ತಾರೆ. ತುಟಿ ಒದ್ದೆ ಮಾಡಕ್ಕೆ ನಾನೇ ಬತ್ತೀನಿ."

ಏಕೆ ಎಂಬುದನ್ನೂ ಅವಳು ಹೇಳಿದಳು. ಮೈಯ ಮೂರನೆಯ ಒಂದು ಪಾಲು ಬೆಂದಾಗ ರಕ್ತದೊಳಗಿನ ನೀರು ಜೋರಾಗಿ ಸೋರಿ ಹೊರಟುಹೋಗುತ್ತದೆ, ಅದಕ್ಕೇ ಆ ದಾಹ. ಆದರೆ ಅದೇ ಆಘಾತಕ್ಕೆ ಹೊಟ್ಟೆ ಮತ್ತು ಕರುಳು ಕೆಲಸ ನಿಲ್ಲಿಸಿ ಕುಳಿತಿರುತ್ತವೆ. ಕುಡಿದದ್ದು ಕೆಳಗಿಳಿಯದೆ ಅಲ್ಲೇ ನಿಂತು, ವಾಂತಿಯಾಗಿ ಮೇಲೆ ಬಂದು, ಮಲಗಿದವಳ ಶ್ವಾಸಕೋಶಕ್ಕೆ ಇಳಿದರೆ ಸುಟ್ಟ ಗಾಯಕ್ಕಿಂತ ಅದೇ ಹೆಚ್ಚು ಅಪಾಯ. ಕರುಳು ಎಚ್ಚರಗೊಂಡ ಸೂಚನೆ ಸಿಕ್ಕೊಡನೆ, ಬಹುಶಃ ನಾಳೆಯೇ, ಮೂಗಿನ ನಳಿಗೆಯಲ್ಲಿ ಸ್ವಲ್ಪಸ್ವಲ್ಪವಾಗಿ ಆಹಾರ ಶುರು ಮಾಡುತ್ತೇವೆ ಎಂದಳು. ನಾನು ತಲೆಯಾಡಿಸಿದೆ. ಎಲ್ಲ ಅರ್ಥವಾಗಿತ್ತು. ಪರೀಕ್ಷೆಯಲ್ಲಿ ಕೇಳಿದ್ದರೆ ಪೂರ್ತಿ ಅಂಕ ಪಡೆಯುತ್ತಿದ್ದೆ.

ಮಧ್ಯಾಹ್ನ ವಿಶಾಲಾಳ ಗಂಡ ಔಷಧಿ ತರಲು ಕೆಳಗೆ ಹೋದ. ಮಂಚದ ಪಕ್ಕದ ಸ್ಟೂಲಿನ ಮೇಲೆ ನಾನೊಬ್ಬಳೇ. ಎದೆಯಿಂದ ಕೆಳಗೆ ಬಿಳಿ ಬ್ಯಾಂಡೇಜು, ಮುಖ ಮಾತ್ರ ನನ್ನ ವಿಶಾಲಾಳದ್ದು, ತುಟಿ ಬಿರಿದು ಚಕ್ಕೆ ಎದ್ದಿತ್ತು. ಕಣ್ಣು ತೆರೆದಾಗಲೆಲ್ಲ ಅವಳದ್ದು ಒಂದೇ ಮಾತು. "ಅಕ್ಕಾ, ಗಂಟ್ಲೆಲ್ಲ ಒಣಗೋತು. ಒಂದು ಗುಟುಕು ಆಸ್ರಿಗೆ ಕೊಡೆ." ನಾನು ಹಣೆ ಸವರಿದೆ, ದೇವರನ್ನು ನೆನೆಸಿಕೊಂಡೆ, ಆಕಡೆ ಮುಖ ಮಾಡಿ ಗೋಡೆಯ ಮೇಲಿನ ಸೂಚನೆಗಳನ್ನು ಓದಿದೆ. ಮತ್ತೆ, "ಅಕ್ಕಾ." ಗೇಟಿಗೆ ಬಂದ ಅಪರಿಚಿತನನ್ನೂ ಒಣಗಂಟಲಲ್ಲಿ ಕಳಿಸದವಳು, ನಾನೇ ಉಣಿಸಿ ಬೆಳೆಸಿದ ಮಗುವಿಗೆ ಇಲ್ಲ ಎನ್ನುವುದು ಹೇಗೆ ಹೇಳಿ? ಒಂದು ಗುಟುಕಿಗೆ ಎಂತಾಗುತ್ತದೆ, ಹೋಗಲಿ, ಅದು ನೀರಲ್ಲ, ತಿಳಿ, ಎಷ್ಟು ಹಗುರ, ಹಸುಗೂಸಿಗೂ ಕೊಡುತ್ತೇವೆ ಎಂದು ನನ್ನೊಳಗಿನ ವಕೀಲೆ ವಾದ ಮಂಡಿಸಿದಳು. ಫ್ಲಾಸ್ಕಿನ ಮುಚ್ಚಳಕ್ಕೆ ಬಗ್ಗಿಸಿದೆ. ಒಂದು ಗುಟುಕು ಎಂದು ಹಿಡಿದದ್ದು, ಅವಳು ಬಿಡಲಿಲ್ಲ, ನಾನೂ ಎಳೆದುಕೊಳ್ಳಲಿಲ್ಲ. ಮುಚ್ಚಳ ಎರಡು ಸಲ ಖಾಲಿಯಾಯಿತು. ಅವಳು ಕಣ್ಣು ಮುಚ್ಚಿ ಉಸ್ಸೆಂದಳು. ಆ ಕ್ಷಣ ನನಗಾದ ಸುಖವನ್ನು ನಾಚಿಕೆ ಬಿಟ್ಟು ಒಪ್ಪಿಕೊಳ್ಳುತ್ತೇನೆ, ಜನ್ಮದಲ್ಲಿ ಯಾರಿಗೆ ಏನು ಕೊಟ್ಟಾಗಲೂ ಅಷ್ಟು ಸುಖ ಆಗಿರಲಿಲ್ಲ.

ಒಂದು ಗಂಟೆಯೂ ಆಗಿರಲಿಕ್ಕಿಲ್ಲ. ಹೊಟ್ಟೆ ಉಬ್ಬರಿಸಿತು, ಗಳಗಳನೆ ವಾಂತಿ ಬಂತು, ಮಲಗಿದ್ದವಳಿಗೆ ಹೊರಳಲು ಆಗಲಿಲ್ಲ. ಕೆಮ್ಮಿ ಕೆಮ್ಮಿ ಮುಖ ನೀಲಿಗಟ್ಟಿತು. ಪ್ರೇಮ ಕೂಗುತ್ತ ಓಡಿ ಬಂದಳು, ಹಿಂದೆ ಡಾಕ್ಟರು, ಯಂತ್ರಗಳು. ನನ್ನನ್ನು ಹೊರಗೆ ದಬ್ಬಿದರು. ಬಾಗಿಲಿನ ಗಾಜಿನಲ್ಲಿ ಬೆನ್ನುಗಳು ಮಾತ್ರ ಕಾಣುತ್ತಿದ್ದವು. ಸತ್ತೇಹೋದಳು ಎಂದುಕೊಂಡೆ. ನಾನೇ ಕೊಂದೆ ಎಂದುಕೊಂಡೆ.

ಸಾಯಲಿಲ್ಲ. ಶ್ವಾಸಕೋಶಕ್ಕೆ ಸೋಂಕು ತಗಲಿ ಜ್ವರ ಬಂತು, ದಿನಗಟ್ಟಲೆ ಆಮ್ಲಜನಕ ಕೊಟ್ಟರು, ಮರುದಿನ ಶುರುವಾಗಬೇಕಿದ್ದ ನಳಿಗೆಯ ಆಹಾರ ಮೂರು ದಿನ ಮುಂದೆ ಹೋಯಿತು. ಸಂಜೆ ಪ್ರೇಮ ಹೊರಗೆ ಬಂದು ನನ್ನ ಪಕ್ಕದಲ್ಲಿ ಕುಳಿತಳು. ಬೈಯುತ್ತಾಳೆ ಎಂದು ಕಾದೆ, ಬೈದರೆ ಹಗುರವಾಗುತ್ತಿತ್ತು. ಅವಳು ಹೇಳಿದ್ದಿಷ್ಟೆ: "ಎಲ್ಲ ನೀವೇ ಕಲಿಸಿದ್ದಲ್ವಾ ಟೀಚರೇ."

ಅವತ್ತಿನಿಂದ ನಾನು ಬಹಳ ಯೋಚಿಸಿದ್ದೇನೆ. ಆ ಮಧ್ಯಾಹ್ನ ಆ ಮುಚ್ಚಳದಿಂದ ತಣಿದದ್ದು ಯಾರ ದಾಹ? ಅವಳು ಬೇಡುತ್ತಿದ್ದಾಗ ಸುಮ್ಮನೆ ಕೂರಲಾರದ ಸಂಕಟ ನನ್ನದು. ಅದನ್ನು ನೀಗಿಕೊಳ್ಳಲು ಅವಳ ಗಂಟಲನ್ನು ಬಳಸಿಕೊಂಡೆ ಎಂದರೆ ಮಾತು ಕಠೋರವಾದೀತು, ಸುಳ್ಳಾಗದು. ನಾವು ಅನ್ನವನ್ನು ಪ್ರೀತಿಯ ಪರ್ಯಾಯನಾಮವೆಂಬಂತೆ ಬಳಸುತ್ತ ಬಂದಿದ್ದೇವೆ. ಸಿಟ್ಟಾದವರು ಊಟ ಬಿಡುತ್ತೇವೆ, ರಾಜಿಯಾದವರು ಬಡಿಸುತ್ತೇವೆ. ಹಾಗಾಗಿ ಕೊಡದಿರುವುದೂ ಅಕ್ಕರೆಯ ಒಂದು ರೂಪವಾಗಬಹುದು ಎಂಬುದನ್ನು ಒಪ್ಪಲು ನಮ್ಮ ಕೈಗಳಿಗೆ ಅಭ್ಯಾಸವೇ ಇಲ್ಲ. ನಾಲ್ಕನೆಯ ದಿನ ಮೂಗಿನ ನಳಿಗೆಯಲ್ಲಿ ಹಾಲುಬಣ್ಣದ ಆಹಾರ ಹನಿಹನಿಯಾಗಿ ಇಳಿಯುವುದನ್ನು ನೋಡಿದೆ. ಪ್ರೇಮ ಅದನ್ನು ಅಳೆದು ಕೊಡುತ್ತಿದ್ದಳು, ಹೊಟ್ಟೆ ಮುಟ್ಟಿ ನೋಡುತ್ತಿದ್ದಳು, ಒಪ್ಪಿತೆಂದು ಕಂಡರೆ ಮರುಸಲ ಚೂರು ಹೆಚ್ಚಿಸುತ್ತಿದ್ದಳು. ನನ್ನ ಫ್ಲಾಸ್ಕಿಗಿಂತ ಆ ಅಳತೆಯಲ್ಲಿ ಹೆಚ್ಚು ಮಮತೆ ಇತ್ತು.

ಇಷ್ಟಕ್ಕೇ ಮುಗಿದಿದ್ದರೆ ನಾನೊಬ್ಬಳು ಮೂರ್ಖಳು ಬುದ್ಧಿ ಕಲಿತಳು ಎಂದು ನೀವು ಎದ್ದು ಹೋಗಬಹುದಿತ್ತು. ಇಲ್ಲ, ಕೂತ್ಕೊಳ್ಳಿ. ಬುದ್ಧಿ ಕಲಿತ ಮೂರ್ಖರು ಮಾಡುವ ತಪ್ಪೇ ಬೇರೆ.

ತಿಂಗಳು ಕಳೆದ ಮೇಲೆ ವಿಶಾಲಾಳನ್ನು ಸಾಗರಕ್ಕೆ ನನ್ನ ಮನೆಗೆ ಕರೆತಂದೆವು, ವಾರಕ್ಕೊಮ್ಮೆ ದೊಡ್ಡಾಸ್ಪತ್ರೆಗೆ ಕರೆದೊಯ್ಯಲು ಸುಲಭವೆಂದು. ಎದೆಯ ಗಾಯ ಮಾಗಿತ್ತು. ತೊಡೆಯದ್ದು ಹಸಿಯಾಗಿಯೇ ಇತ್ತು. ಮೈಗೆ ಶಕ್ತಿ ಬಂದ ಮೇಲೆ ಬೇರೆ ಕಡೆಯ ಚರ್ಮ ತೆಗೆದು ಅಲ್ಲಿ ಕಸಿ ಮಾಡಬೇಕಿತ್ತು. ಬಾಯಲ್ಲಿ ಉಣ್ಣಬಹುದು, ಉಣ್ಣಲೇಬೇಕು ಎಂದು ಒಂದು ಪಟ್ಟಿ ಕೊಟ್ಟಿದ್ದರು. ಹಾಲು, ಮೊಸರು, ಬೇಳೆ, ಕಡಲೆಕಾಯಿ, ಆಗುವುದಾದರೆ ದಿನಾ ಮೊಟ್ಟೆ. ನಮ್ಮದು ಮೊಟ್ಟೆಯನ್ನು ಹೆಸರಿಟ್ಟೂ ಕರೆಯದ ಮನೆತನ. ಆ ಸಾಲನ್ನು ಓದಿದ ನಾನು ಕಾಗದವನ್ನು ಮಡಚಿ ಪರ್ಸಿನಲ್ಲಿಟ್ಟೆ.

ಜೊತೆಗೆ ಅವಳ ಅತ್ತೆ ಬಂದರು, ಅತ್ತೆಯ ಜೊತೆ ಪಥ್ಯ ಬಂತು. ಗಾಯ ಇದ್ದವರಿಗೆ ನಂಜಿನ ಪದಾರ್ಥ ಕೊಡಬಾರದು, ಕೊಟ್ಟರೆ ಕೀವಾಗುತ್ತದೆ ಎಂಬುದು ನಮ್ಮಲ್ಲಿ ತಲೆತಲಾಂತರದ ನಂಬಿಕೆ. ಯಾವುದು ನಂಜು ಎಂದು ಕೇಳುವುದಕ್ಕಿಂತ ಯಾವುದಲ್ಲ ಎಂದು ಕೇಳುವುದೇ ವಾಸಿ: ಬದನೆ, ಹಲಸು, ಉದ್ದು, ಕಡಲೆಕಾಯಿ, ಮೊಸರು, ಹಾಲೂ ಅಷ್ಟಕ್ಕಷ್ಟೆ. ಉಳಿದದ್ದು ಗಂಜಿ, ಬೇಳೆ ಹಾಕದ ತಿಳಿಸಾರು, ಸುಟ್ಟ ಹಪ್ಪಳ. ಅತ್ತೆ ಇದನ್ನು ಅಧಿಕಾರ ಚಲಾಯಿಸಲು ಮಾಡಲಿಲ್ಲ. ಸೊಸೆ ಉಳಿಯಲಿ ಎಂದು ತಾವೂ ಅದನ್ನೇ ಉಂಡರು, ಅವಳ ತಟ್ಟೆಗಿಂತ ಒಂದು ಹಪ್ಪಳ ಕಡಿಮೆ ಹಾಕಿಕೊಂಡು. ಮತ್ತೆ ನಾನು? ಪಟ್ಟಿ ಓದಿದ್ದವಳು, ಪ್ರೋಟೀನಿನ ಪಾಠ ಮಾಡಿದವಳು, ತುಟಿ ಹೊಲಿದುಕೊಂಡು ಕುಳಿತೆ. ಒಮ್ಮೆ ಕೊಟ್ಟು ಕೊಲ್ಲಹೊರಟವಳು ಇನ್ನು ಯಾವ ಮುಖದಲ್ಲಿ ಕೊಡಿ ಎನ್ನಲಿ? ಕಡಿಮೆ ಕೊಟ್ಟರೆ ಅಪಾಯವಿಲ್ಲ ಎಂದು ಹೆದರಿದ ಮನಸ್ಸು ತಾನೇ ತೀರ್ಮಾನಿಸಿತು. ವಿಶಾಲಾ ಇಟ್ಟದ್ದನ್ನು ಉಂಡಳು. ಇದು ಬೇಕು, ಅದು ಬೇಕು ಎಂದು ಬಾಯಿ ಬಿಡಲಿಲ್ಲ. ಅವಳೂ ಹೆದರಿದ್ದಳು, ಒಮ್ಮೆ ಕೇಳಿ ಆದದ್ದು ಅವಳಿಗೂ ನೆನಪಿತ್ತು.

ಮೂರು ವಾರದಲ್ಲಿ ಕೊರಳ ಮೂಳೆ ಎದ್ದು ಕಾಣತೊಡಗಿತು. ಬಾಚಿದರೆ ಹಣಿಗೆ ತುಂಬ ಕೂದಲು. ತೊಡೆಯ ಗಾಯ ಮಾಸಲಾಗಿ ನೀರೂರುತ್ತಿತ್ತು. ಆ ವಾರ ಆಸ್ಪತ್ರೆಗೆ ಹೋದಾಗ ಡಾಕ್ಟರು ಬ್ಯಾಂಡೇಜು ಬಿಚ್ಚಿ ನೋಡಿ ಮುಖ ಗಂಟಿಕ್ಕಿದರು. ಈ ಸ್ಥಿತಿಯಲ್ಲಿ ಕಸಿ ಮಾಡಿದರೆ ಚರ್ಮ ಹಿಡಿಯುವುದಿಲ್ಲ, ಹೀಗೇ ಬಿಟ್ಟರೆ ಸೋಂಕು ರಕ್ತಕ್ಕೆ ಏರುತ್ತದೆ, ಆಗ ತಮ್ಮ ಕೈಯಲ್ಲಿ ಏನೂ ಇಲ್ಲ, ಎರಡು ವಾರ ನೋಡೋಣ ಎಂದರು. ಅವರು ಹೋದ ಮೇಲೆ ಪ್ರೇಮ ಗಾಯ ಕಟ್ಟುತ್ತ, ಮನೆಯಲ್ಲಿ ಎಂತ ಉಣ್ತಾರೆ ಎಂದು ಕೇಳಿದಳು. ಅತ್ತೆ ಹೆಮ್ಮೆಯಿಂದಲೇ ಹೇಳಿದರು. ಪ್ರೇಮ ಕಟ್ಟುವುದನ್ನು ನಿಲ್ಲಿಸಿ ಒಂದು ಗಳಿಗೆ ನನ್ನನ್ನು ನೋಡಿದಳು. ನಾನು ಕಿಟಕಿಯನ್ನು ನೋಡಿದೆ.

"ಅಜ್ಜೀ, ಇವರು ಮಂಚದ ಮೇಲೆ ಮಲ್ಗಿದಾರೆ ಅಂತ ನೀವು ತಿಳ್ಕೊಂಡಿದೀರಿ. ಇವರ ಮೈ ಮಲ್ಗಿಲ್ಲ. ಹಗಲೂ ರಾತ್ರಿ ಆಗುಂಬೆ ಘಾಟಿ ಹತ್ತಿದಂಗೆ ದುಡೀತಾ ಇದೆ, ಹೊಸ ಚರ್ಮ ಮಾಡಕ್ಕೆ. ಅದಕ್ಕೆ ಎರಡರಷ್ಟು ಊಟ ಬೇಕು. ನೀವು ಕೊಡ್ದೇ ಇದ್ರೆ ಸುಮ್ನಿರಲ್ಲ ಅದು, ತನ್ನ ಮಾಂಸಾನೇ ತಿನ್ನುತ್ತೆ. ತೋಳು ಮುಟ್ಟಿ ನೋಡಿ."

ಅತ್ತೆ ಮುಟ್ಟಿ ನೋಡಿದರು. ಕೈ ಅಲ್ಲೇ ಇತ್ತು ಸುಮಾರು ಹೊತ್ತು. ಮನೆಗೆ ಬಂದ ಮೇಲೆ ನಾನು ಪರ್ಸಿನಿಂದ ಆ ಕಾಗದ ತೆಗೆದು ಅವರ ಮುಂದೆ ಬಿಚ್ಚಿ, ಪೂರ್ತಿ ಓದಿ ಹೇಳಿದೆ, ಮೊಟ್ಟೆಯ ಸಾಲನ್ನೂ ಸೇರಿಸಿ. ಇದನ್ನು ಮೂರು ವಾರ ಮುಚ್ಚಿಟ್ಟವಳು ನಾನು ಅತ್ತೆ, ತಪ್ಪು ನಿಮ್ಮದಲ್ಲ ಎಂದೆ. ಅವರು ಕೇಳಿಸಿಕೊಂಡು ಎದ್ದು ಹೋಗಿ ಅವತ್ತು ರಾತ್ರಿಯ ಊಟಕ್ಕೆ ಬೇಳೆ ಬೇಯಲು ಹಾಕಿದರು.

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಹೊಗೆ ಕಂಡು ಹೋಗಿ ನೋಡಿದೆ. ಮೂರು ಇಟ್ಟಿಗೆಯ ಒಲೆ, ಒಲೆಯ ಮೇಲೆ ಹಳೆಯ ಅಲ್ಯುಮಿನಿಯಂ ಪಾತ್ರೆ, ಎದುರಿಗೆ ಅತ್ತೆ ಕುಕ್ಕರುಗಾಲಲ್ಲಿ. ಪಾತ್ರೆಯೊಳಗೆ ನಾಲ್ಕು ಬಿಳಿ ಮೊಟ್ಟೆಗಳು. ಏಳು ಗಂಟೆಗೆ ತಾವೇ ರಸ್ತೆ ದಾಟಿ ಎದುರು ಮನೆಯವರ ಬಾಗಿಲು ತಟ್ಟಿ, ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದರು. ಜೀವಮಾನದಲ್ಲಿ ಅದನ್ನು ಮುಟ್ಟಿದ್ದೂ ಇಲ್ಲದ ಹೆಂಗಸು.

"ಎಷ್ಟೊತ್ತು ಬೇಯ್ಸವು ಇದನ್ನ?" ಎಂದು ನನ್ನನ್ನು ಕೇಳಿದರು.

"ನಂಗೂ ಗೊತ್ತಿಲ್ಲೆ ಅತ್ತೆ" ಎಂದೆ. ಬಿಸಿಗೆ ಮೊಟ್ಟೆಯ ಬಿಳಿಭಾಗ ಏಕೆ ಗಟ್ಟಿಯಾಗುತ್ತದೆ ಎಂದು ವರ್ಷವರ್ಷವೂ ಪಾಠ ಮಾಡಿದವಳ ಹಣೆಬರಹ ನೋಡಿ! ಪ್ರೇಮಳಿಗೆ ಫೋನು ಮಾಡಿದೆ. ಹಿತ್ತಲ ಒಲೆಯಿಂದ ಹಿಡಿದು ಎಲ್ಲ ಹೇಳಿದೆ. "ನೀರು ಕುದಿ ಬಂದ್ಮೇಲೆ ಹತ್ತು ನಿಮಿಷ, ಟೀಚರೇ" ಎಂದಳು, ಮೂಗು ಕಟ್ಟಿದ ದನಿಯಲ್ಲಿ. ಹತ್ತು ನಿಮಿಷವೆಂದರೆ ತಮ್ಮ ಬೆಳಗಿನ ಸ್ತೋತ್ರ ಒಂದು ಸಲ ಹೇಳಿ ಮುಗಿಸುವಷ್ಟು ಎಂದು ಅತ್ತೆ ಲೆಕ್ಕ ಹಾಕಿದರು, ಕಣ್ಣು ಮುಚ್ಚಿ ಕೈಮುಗಿದು ಅಲ್ಲೇ ಒಲೆಯ ಮುಂದೆ ಶುರು ಮಾಡಿದರು. ನನಗೆ ನಗುವೂ ಅಳುವೂ ಒಟ್ಟಿಗೆ ಬಂತು. ಯಾವ ದೇವರೂ ಆ ಸ್ತೋತ್ರವನ್ನು ಮೈಲಿಗೆ ಎಂದಿರಲಿಕ್ಕಿಲ್ಲ.

ಸಿಪ್ಪೆ ಸುಲಿಯಲು ಬರದೆ ಅರ್ಧ ಬಿಳಿಯೂ ಕಿತ್ತುಬಂತು. ಹರಕು ಮುರುಕಾದ ಒಂದನ್ನು ಬಾಳೆಎಲೆಯ ತುಂಡಿನಲ್ಲಿಟ್ಟು, ಉಪ್ಪು ಮೆಣಸಿನಪುಡಿ ಉದುರಿಸಿ, ಸೊಸೆಯ ಮಂಚದ ಬದಿಗೆ ತಂದರು. ವಿಶಾಲಾ ಎಲೆಯನ್ನು ನೋಡಿದಳು, ಅತ್ತೆಯ ಮುಖ ನೋಡಿದಳು, ಗಾಬರಿಯಾಗಿ ತಲೆ ಅಲ್ಲಾಡಿಸಿದಳು. "ಬ್ಯಾಡ ಅತ್ತೆ. ನಿಂಗಕ್ಕೆ ಮೈಲಿಗೆ..."

"ಇಷ್ಟು ದಿನ ನಿನ್ನ ಉಪವಾಸ ಹಾಕಿದ್ದು ಆನು" ಎಂದರು ಅತ್ತೆ. "ತಿನ್ನು ಕೂಸೆ. ನಂಗೆ ನೀನು ಬೇಕು."

ಅವಳು ಬಾಯಿ ತೆರೆದಳು. ಅತ್ತೆಯೇ ಚೂರು ಚೂರಾಗಿ ಮುರಿದು ತಿನ್ನಿಸಿದರು, ವಾಸನೆಗೆ ಮುಖ ಒಂದಿಷ್ಟು ಆಚೆ ತಿರುಗಿಸಿಕೊಂಡು, ಕೈ ಮಾತ್ರ ತಪ್ಪದೆ. ನಾನು ಬಾಗಿಲಲ್ಲಿ ಸೆರಗು ಕಚ್ಚಿ ನಿಂತಿದ್ದೆ, ಹೊಟ್ಟೆ ಒಪ್ಪುತ್ತದೋ ಇಲ್ಲವೋ ಎಂಬ ಹಳೆಯ ಭಯ ಕಾಲಿನಿಂದ ತಲೆಗೆ ಏರುತ್ತಿತ್ತು. ಕೊನೆಯ ಚೂರೂ ಮುಗಿಯಿತು. ವಿಶಾಲಾ ಬೆರಳಿನಿಂದ ಎಲೆಯ ಮೇಲಿನ ಉಪ್ಪನ್ನು ಒರೆಸಿ ನೆಕ್ಕಿದಳು. ತಲೆ ಬಗ್ಗಿಸಿಕೊಂಡೇ ಸಣ್ಣ ದನಿಯಲ್ಲಿ ಕೇಳಿದಳು:

"ಇನ್ನೊಂದು ಇದ್ದಾ?"

ಆಸ್ಪತ್ರೆಯ ಆ ಮಧ್ಯಾಹ್ನದ ನಂತರ ನನ್ನ ತಂಗಿ ಬಾಯಿಬಿಟ್ಟು ಏನನ್ನಾದರೂ ಬೇಡಿದ್ದು ಅದೇ ಮೊದಲು. ಈ ಸಲ ಕೊಡಬಹುದಿತ್ತು. ಅತ್ತೆ ಏಳುವ ಮೊದಲೇ ನಾನು ಹಿತ್ತಲಿಗೆ ಓಡಿದ್ದೆ.